ಪಾರ್ಕಿನಲ್ಲಿ ಗಿಡ ಇದೆ, ಹೂ ಎಲ್ಲಿ?

ಮಿಲ್ ಕ್ವಾರ್ಟರ್ಸ್ ಹುಡುಗ (ದಾವಣಗೆರೆ)
ಫೆಬ್ರವರಿ 20, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೆಸರು ಹುಡುಗ ಅಂತ ಇಟ್ಟುಕೊಂಡಿದ್ದೇನೆ, ವಯಸ್ಸು 58. ಎರಡು ಪ್ರಶ್ನೆ ಇದೆ. ಒಂದು ಹೆಸರು ಕೇಳೋದು, ಇನ್ನೊಂದು ಹೊಟ್ಟೆ ಉರಿ.

ನಮ್ಮಪ್ಪ ಇಲ್ಲಿ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸ್ ಎದುರಿಗೆ ಒಂದು ಪಾರ್ಕು. ದೊಡ್ಡದೇನಲ್ಲ, ಒಂದು ಜಾರುಬಂಡಿ, ನಾಲ್ಕು ಸಿಮೆಂಟ್ ಬೆಂಚು, ಸುತ್ತಲೂ ಗಿಡ. ಅದರಲ್ಲಿ ಎರಡು ಗಿಡ ಇನ್ನೂ ಕಣ್ಣಲ್ಲಿವೆ. ಒಂದು ಆಳೆತ್ತರ ಇರುತ್ತಿತ್ತು, ಎಲೆ ಹುಣಸೆ ಎಲೆ ಥರ ಸಣ್ಣ ಸಣ್ಣ, ಹೂ ಕೆಂಪು, ಅಂಚಿಗೆ ಹಳದಿ, ಒಳಗಿಂದ ಉದ್ದ ಕೇಸರ ಮೀಸೆ ಹಾಗೆ ಹೊರಗೆ ಚಾಚಿಕೊಂಡಿರುತ್ತಿತ್ತು. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅದರ ಒಣಗಿದ ಕಾಯಿ ಚಟ್ ಅಂತ ಸಿಡಿಯೋ ಸದ್ದು ಮನೆಯೊಳಗೆ ಕೇಳುತ್ತಿತ್ತು. ಇನ್ನೊಂದರ ಹೂ ತೆಳು ಗುಲಾಬಿ, ಬಣ್ಣದ ಕಾಗದ ಮುದುಡಿ ಬಿಟ್ಟ ಹಾಗೆ ಸುಕ್ಕು ಸುಕ್ಕು. ಕಾಂಡ ಮಾತ್ರ ನುಣ್ಣಗೆ, ಸಿಪ್ಪೆ ಸುಲಿದಿಟ್ಟ ಹಾಗೆ. ಇವುಗಳ ಹೆಸರೇನು?

ಈಗ ಹೊಟ್ಟೆ ಉರಿ. ಸದ್ಯ ನಾವಿರುವ ಬಡಾವಣೆಯಲ್ಲೂ ಪಾರ್ಕಿದೆ, ದಿನಾ ಬೆಳಿಗ್ಗೆ ನಾಲ್ಕು ಸುತ್ತು ಹಾಕುತ್ತೇನೆ. ಆ ಸುಕ್ಕು ಹೂವಿನ ಗಿಡ ಅಲ್ಲೂ ಒಂದು ಮೂಲೆಯಲ್ಲಿದೆ, ಕಾಂಡ ನೋಡಿಯೇ ಗುರುತು ಹಿಡಿದೆ. ನಾಲ್ಕು ವರ್ಷದಿಂದ ಒಂದು ಹೂ ಬಿಟ್ಟಿಲ್ಲ. ದಾರಿ ಪಕ್ಕ ಇಕ್ಸೋರಾ ಸಾಲು, ಎಲೆಯೆಲ್ಲ ಹಳದಿ. ಕಾಂಪೌಂಡಿಗೆ ಕಾಗದದ ಹೂವಿನ ಬಳ್ಳಿ, ಅದೂ ಬರೀ ಹಸಿರು. ಉಳಿದ ಕಡೆಯೆಲ್ಲ ಆ ಹಳದಿ ಎಲೆಯ ಬೇಲಿ ಗಿಡ, ಯಾವ ಪಾರ್ಕಿಗೆ ಹೋದರೂ ಅದೇ. ತಿಂಗಳಿಗೊಮ್ಮೆ ಒಬ್ಬ ಮಷೀನ್ ತಂದು ಟ್ರರ್ ಅಂತ ಎಲ್ಲವನ್ನೂ ಪೆಟ್ಟಿಗೆ ಥರ ಚೌಕ ಮಾಡಿ ಹೋಗುತ್ತಾನೆ. ಮೊನ್ನೆ ಶಿವರಾತ್ರಿಗೂ ಮಾಡಿದ. ನೋಡೋಕೆ ನೀಟಾಗಿದೆ, ಆದರೆ ಯುಗಾದಿ ಹತ್ತಿರ ಬಂತು ಅಂತ ಅಲ್ಲಿ ಯಾವ ಗಿಡವೂ ಹೇಳುತ್ತಿಲ್ಲ.

ನಾವು ಐದಾರು ಜನ ವಾಕಿಂಗ್‌ನವರು ದುಡ್ಡು ಸೇರಿಸಿ ಹೊಸ ಗಿಡ ತಂದುಕೊಡೋಣ ಅಂತಿದ್ದೇವೆ. ಹಳೇ ಗಿಡ ಮುದಿಯಾದವಾ, ಮಣ್ಣು ಕೆಟ್ಟಿತಾ? ಏನು ತಂದರೆ ನಮ್ಮೂರ ಬಿಸಿಲಿಗೆ ಬಾಳುತ್ತದೆ?

ಹೂಬುಟ್ಟಿ (ಹರಿಹರ)
ಫೆಬ್ರವರಿ 20, ರಾತ್ರಿ 10:25

ಅಣ್ಣ, ಮೊದಲನೆಯದು ರತ್ನಗಂಧಿ. ನೂರಕ್ಕೆ ನೂರು. ಕೆಂಜಿಗೆ ಅಂತಲೂ ಕರೆಯುತ್ತಾರೆ. ಕಾಯಿ ಸಿಡಿಯೋದು ಅಂದಿರಲ್ಲ, ಒಣಗಿದಾಗ ಎರಡು ಸಿಪ್ಪೆಯೂ ತಿರುಚಿಕೊಂಡು ಬೀಜವನ್ನು ದೂರ ಎಸೆಯುತ್ತದೆ, ಅದರ ಸದ್ದು ಅದು. ನಮ್ಮಜ್ಜಿ ಮನೆ ಹಿತ್ತಲಲ್ಲಿ ಬೆಕ್ಕು ಬೆಚ್ಚಿ ಬೀಳುತ್ತಿತ್ತು.

ಎರಡನೆಯದು ನರ್ಸರಿಯವರ ಬಾಯಲ್ಲಿ ಲ್ಯಾಗರ್‌ಸ್ಟ್ರೋಮಿಯಾ. ಹೊಳೆ ದಾಸವಾಳದ ಮರ ಗೊತ್ತಲ್ವಾ, ನೇರಳೆ ಹೂ ಬಿಡುತ್ತದಲ್ಲ, ಅದರ ತಮ್ಮ ಇದು. ಇದು ಗಿಡವಾಗಿಯೇ ಇರುತ್ತದೆ.

ರತ್ನಗಂಧಿಗೆ ದುಡ್ಡು ಕೊಡಬೇಡಿ. ಎಲ್ಲಾದರೂ ಒಣ ಕಾಯಿ ಸಿಕ್ಕರೆ ಬೀಜ ಬಿಸಿ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೆಡಿ, ಬೀಜದ ಸಿಪ್ಪೆ ಗಟ್ಟಿ ಇರೋದರಿಂದ ಹಾಗೇ ಹಾಕಿದರೆ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಚೆನ್ನಾಗಿ ಬಂದರೆ ವರ್ಷದೊಳಗೆ ಹೂ.

ಹಿರಿಯೂರು ದಾಳಿಂಬೆ
ಫೆಬ್ರವರಿ 21, ಬೆಳಿಗ್ಗೆ 6:10

ಸಾರ್, ನಾನು ಹೂವಿನ ಕಡೆಯವನಲ್ಲ, ನನ್ನದು ನಾಲ್ಕು ಎಕರೆ ದಾಳಿಂಬೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದುಬಿಟ್ಟಿದ್ದೀರಿ, ಆ ಮಷೀನು. ಗಿಡ ಮುದಿಯಾಗಿಲ್ಲ. ತಿಂಗಳಿಗೊಮ್ಮೆ ಮೊಗ್ಗು ಬರುವ ತುದಿಯನ್ನೇ ಕತ್ತರಿಸಿ ಎಸೆದರೆ ಪಾಪ ಅದು ಹೂ ಎಲ್ಲಿಂದ ತರಬೇಕು?

ನಿಮ್ಮ ಸುಕ್ಕು ಹೂ, ರತ್ನಗಂಧಿ, ಇಕ್ಸೋರಾ, ಹಳದಿ ಗಂಟೆ ಹೂ, ಕಣಗಿಲೆ, ಇವೆಲ್ಲ ಹೂ ಬಿಡೋದು ಟೊಂಗೆಯ ತುದಿಯಲ್ಲಿ. ಹೊಸ ಚಿಗುರು ಬಂದು, ಬಲಿತು, ಅದರ ತಲೆಯ ಮೇಲೆ ಗೊಂಚಲು ಕೂರಬೇಕು. ಅದಕ್ಕೆ ಎರಡು ಮೂರು ತಿಂಗಳು ಬೇಕು. ಇವರು ತಿಂಗಳಿಗೆ ಒಂದು ಸಲ ತಲೆ ಸವರುತ್ತಾರೆ. ಗಿಡ ಮತ್ತೆ ಚಿಗುರುತ್ತದೆ, ಮತ್ತೆ ಸವರುತ್ತಾರೆ. ಗಿಡಕ್ಕೆ ಇರೋ ಶಕ್ತಿಯೆಲ್ಲ ಎಲೆ ಮಾಡೋದಕ್ಕೇ ಹೋಯಿತು. ಮೇಲ್ಗಡೆ ಒತ್ತಾಗಿ ಹಸಿರು ಕಾಣುತ್ತದೆ, ಒಳಗೆ ಕೈ ಹಾಕಿ ನೋಡಿ, ಬರೀ ಒಣ ಕಡ್ಡಿ ಇರುತ್ತದೆ, ಬೆಳಕೇ ಹೋಗುತ್ತಿಲ್ಲ.

ನಾವು ದಾಳಿಂಬೆಗೆ ಚಾಟ್ನಿ ಮಾಡೋದು, ಅಂದರೆ ಟೊಂಗೆ ಸವರೋದು, ವರ್ಷಕ್ಕೊಮ್ಮೆ. ಅದಕ್ಕೂ ಮುಂಚೆ ನೀರು ನಿಲ್ಲಿಸುತ್ತೇವೆ, ಗಿಡ ಬಾಡಿ ಎಲೆ ಉದುರಿಸಬೇಕು, ಆಮೇಲೆ ಚಾಟ್ನಿ, ಗೊಬ್ಬರ, ನೀರು. ಆಗ ಒಂದೇ ಸಲಕ್ಕೆ ಚಿಗುರಿ ಹೂ ಕಚ್ಚುತ್ತದೆ. ಬಹಾರ್ ಅನ್ನುತ್ತೇವೆ ಅದಕ್ಕೆ. ಅಂಬೆ ಬಹಾರ್, ಮೃಗ್ ಬಹಾರ್, ಹಸ್ತ ಬಹಾರ್, ಯಾವ ಕಾಲಕ್ಕೆ ಹಣ್ಣು ಬೇಕೋ ನೋಡಿಕೊಂಡು ಹಿಡಿಯೋದು. ಅಂದರೆ ಕತ್ತರಿ ಹಾಕೋದು ತಪ್ಪಲ್ಲ ಸಾರ್, ಯಾವಾಗ ಹಾಕುತ್ತೀರಿ, ಆಮೇಲೆ ಎಷ್ಟು ದಿನ ಕೈ ಕಟ್ಟಿಕೊಂಡು ಕೂರುತ್ತೀರಿ ಅನ್ನೋದರಲ್ಲಿ ಇರೋದು.

ಇನ್ನೊಂದು ವಿಷಯ ಹೇಳುತ್ತೇನೆ, ನಗಬೇಡಿ. ಆ ಲ್ಯಾಗರ್‌ಸ್ಟ್ರೋಮಿಯಾ ನಮ್ಮ ದಾಳಿಂಬೆಗೆ ದಾಯಾದಿ, ಎರಡೂ ಒಂದೇ ಕುಟುಂಬ. ಮದರಂಗಿ ಗಿಡವೂ ಅದೇ ಮನೆಯದು. ದಾಳಿಂಬೆ ಹೂವಿನ ಎಸಳು ಬಿಡಿಸಿ ನೋಡಿ, ಅದೂ ಹಾಗೇ ಸುಕ್ಕು ಸುಕ್ಕು, ಮೊಗ್ಗಿನೊಳಗೆ ಮುದುರಿ ತುರುಕಿಟ್ಟ ಹಾಗೆ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಈ ತಿಂಗಳ ಕೊನೆಯೊಳಗೆ ಅದನ್ನು ಒಂದು ಸಲ ಸರಿಯಾಗಿ ಕಟಿಂಗ್ ಮಾಡಿಸಿ. ಮಷೀನಲ್ಲಿ ಬೇಡ, ಕತ್ತರಿಯಲ್ಲಿ. ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ, ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಿರೋದು ತೆಗೀರಿ. ಬುಡಕ್ಕೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ. ಆಮೇಲೆ ಮಳೆಗಾಲ ಹಿಡಿಯೋವರೆಗೂ ಮುಟ್ಟಲೇಬೇಡಿ.

ಕಾಗದದ ಹೂವಿಗೆ ಉಲ್ಟಾ ರೋಗ. ಅದಕ್ಕೆ ನೀರು ಜಾಸ್ತಿ ಆಗಿದೆ. ಲಾನಿಗೆ ಬಿಡೋ ಪೈಪು ಪಕ್ಕದಲ್ಲೇ ಇರಬೇಕು, ನೋಡಿ. ನೀರು ಸಿಕ್ಕಷ್ಟೂ ಎಲೆ ಬಿಡುತ್ತಲೇ ಇರುತ್ತದೆ, ಒಣಗಿಸಿದರೆ ಹೂ. ಎರಡು ಮೂರು ವಾರ ನೀರು ಕಟ್ ಮಾಡಿ, ಬಾಡಿದ ಹಾಗೆ ಕಂಡಾಗ ಮಾತ್ರ ಸ್ವಲ್ಪ ಕೊಡಿ.

ಕಾಮೆಂಟ್ ಮಾಡೋದೇ ಕೆಲಸ
ಫೆಬ್ರವರಿ 21, ಬೆಳಿಗ್ಗೆ 8:02

ಎಲ್ಲ ಸರಿ ಸ್ವಾಮಿ, ಹೂ ಬಿಟ್ಟರೆ ಉಳಿಯುತ್ತದಾ? ನಮ್ಮ ಕಡೆ ಪಾರ್ಕಿಗೆ ಬೆಳಿಗ್ಗೆ ಐದಕ್ಕೇ ದೋಟಿ, ಪ್ಲಾಸ್ಟಿಕ್ ಕವರ್ ಹಿಡಿದು ಬರುತ್ತಾರೆ. ದಾಸವಾಳ, ನಂದಿಬಟ್ಟಲು, ಕಣಗಿಲೆ ಒಂದೂ ಬಿಡೋದಿಲ್ಲ. ಮೊಗ್ಗನ್ನೂ ಕಿತ್ತು ಮನೆಯಲ್ಲಿ ನೀರಲ್ಲಿಟ್ಟು ಅರಳಿಸುತ್ತಾರಂತೆ. ಕೇಳಿದರೆ "ದೇವರಿಗೆ ರೀ" ಅನ್ನುತ್ತಾರೆ, ಮುಂದೆ ಮಾತೇ ಇಲ್ಲ. ನನ್ನ ಸಲಹೆ ಇಷ್ಟೇ, ಪೂಜೆಗೆ ಆಗದ ಹೂ ನೆಡಿ.

ಹೂಬುಟ್ಟಿ (ಹರಿಹರ)
ಫೆಬ್ರವರಿ 21, ಬೆಳಿಗ್ಗೆ 8:30

ಅಯ್ಯೋ, ಆ ಕವರ್‌ನವರಲ್ಲಿ ನಮ್ಮತ್ತೆಯೂ ಒಬ್ಬರು. ನಾನೇನು ಹೇಳಲಿ. ಆದರೂ ಮಾತು ನಿಜ. ಲ್ಯಾಗರ್‌ಸ್ಟ್ರೋಮಿಯಾ, ಕಾಗದದ ಹೂ, ಗಂಟೆ ಹೂ, ಇವನ್ನು ಯಾರೂ ಬುಟ್ಟಿಗೆ ಹಾಕಿಕೊಳ್ಳೋದಿಲ್ಲ. ಇವು ದಾರಿಯ ಪಕ್ಕ ಇರಲಿ. ನಂದಿಬಟ್ಟಲು, ದಾಸವಾಳ ಒಳಗಡೆ.

ಇಕ್ಸೋರಾ ಬಗ್ಗೆ ಯಾರೂ ಹೇಳಲಿಲ್ಲ. ಅಣ್ಣ, ಹಳದಿ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದಿದೆಯಾ? ಹೊಸ ಎಲೆಯಲ್ಲೇ ಜಾಸ್ತಿಯಾ? ಹಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಆದರೆ ನಮ್ಮ ಎರೆ ಮಣ್ಣಲ್ಲಿ ಸುಣ್ಣ ಜಾಸ್ತಿ, ಮೇಲಿಂದ ಬೋರಿನ ಗಡಸು ನೀರು, ಎರಡೂ ಸೇರಿ ಬೇರಿಗೆ ಅದು ದಕ್ಕದ ಹಾಗೆ ಮಾಡುತ್ತವೆ. ಇಕ್ಸೋರಾಕ್ಕೆ ಕರಾವಳಿಯವರು ಕೇಪಳ ಅನ್ನುತ್ತಾರೆ. ಅಲ್ಲಿ ಅದು ಗುಡ್ಡದಲ್ಲಿ ತಾನಾಗೇ ಬೆಳೆಯೋದು, ಹುಳಿ ಮುರ ಮಣ್ಣು, 3,000 ಮಿ.ಮೀ. ದಾಟುವ ಮಳೆ. ನಮ್ಮದು 600 ಮಿ.ಮೀ. ಆಸುಪಾಸಿನ ಊರು. ಅದನ್ನು ತಂದು ಕಾಂಕ್ರೀಟ್ ದಾರಿ ಪಕ್ಕ ನೆಟ್ಟು, ಬೋರ್ ನೀರು ಬಿಟ್ಟರೆ ಇನ್ನೇನಾಗುತ್ತದೆ.

ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ, ಕಬ್ಬಿಣದ ಉಪ್ಪು ಅದು (ಫೆರಸ್ ಸಲ್ಫೇಟ್). ಲೀಟರ್ ನೀರಿಗೆ 5 ಗ್ರಾಂ, ಒಂದು ಚಿಟಿಕೆ ನಿಂಬೆ ಉಪ್ಪು ಹಾಕಿ, ಸಂಜೆ ಎಲೆಗೆ ಸಿಂಪಡಿಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಬುಡಕ್ಕೆ ಸುರಿದರೆ ಅದೇ ಸುಣ್ಣ ಹಿಡಿದುಕೊಂಡುಬಿಡುತ್ತದೆ, ದುಡ್ಡು ದಂಡ. ಬಟ್ಟೆ ಮೇಲೆ, ಬೆಂಚ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ತುಕ್ಕಿನ ಕಲೆ ಹೋಗೋದಿಲ್ಲ. ನಮ್ಮನೆ ಕಟ್ಟೆ ಮೇಲೆ ಇನ್ನೂ ಇದೆ.

ಕೋಟೆ ಕೆಳಗಿನ ಮೇಷ್ಟ್ರು (ಚಿತ್ರದುರ್ಗ)
ಫೆಬ್ರವರಿ 22, ಸಂಜೆ 7:15

ಒಳ್ಳೆ ಚರ್ಚೆ. ಸ್ವಲ್ಪ ಕಡ್ಡಿ ಆಡಿಸುತ್ತೇನೆ, ಬೇಜಾರು ಬೇಡ.

ಹಳೇ ಕಾಲದ ನಮ್ಮ ಗಿಡ ಅಂತ ನಾವು ಹಂಬಲಿಸುವ ಪಟ್ಟಿಯಲ್ಲಿ ಅರ್ಧ ಹೊರಗಿನಿಂದ ಬಂದವು. ರತ್ನಗಂಧಿ, ಗಂಟೆ ಹೂ, ದೇವಕಣಗಿಲೆ ಅಮೆರಿಕ ಕಡೆಯವು. ಕಾಗದದ ಹೂ ಬ್ರೆಜಿಲ್‌ನದು. ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾಗೆ ಹೆಸರಲ್ಲಿ ಇಂಡಿಯಾ ಇದೆ, ತವರು ಚೀನಾ ಕಡೆ. ಬಂದವು, ನಮ್ಮ ಬಿಸಿಲಿಗೆ ಒಗ್ಗಿದವು, ನಮ್ಮ ಬಾಲ್ಯದಲ್ಲಿ ಸೇರಿಕೊಂಡವು. ನನಗೇನೂ ತಕರಾರಿಲ್ಲ. ಆದರೆ ಚೆಂದಕ್ಕೆ ಅಂತ ತಂದದ್ದೆಲ್ಲ ಹೀಗೆ ಸುಮ್ಮನಿರೋದಿಲ್ಲ. ಲಂಟಾನವನ್ನು 1809ರಲ್ಲಿ ಕಲ್ಕತ್ತೆಯ ತೋಟಕ್ಕೆ ಹೂವಿನ ಬೇಲಿ ಅಂತಲೇ ತಂದಿದ್ದು. ಈಗ ದೇಶದ ಯಾವ ಕಾಡಿಗೆ ಹೋದರೂ ಅದೇ ಎದುರು ಬರುತ್ತದೆ. ಆದ್ದರಿಂದ ಬಣ್ಣ ಚೆನ್ನಾಗಿದೆ ಅಂತ ಯಾರಾದರೂ ಲಂಟಾನ ತಂದುಕೊಟ್ಟರೆ ದಯವಿಟ್ಟು ತಗೋಬೇಡಿ.

ದುಡ್ಡು ಹಾಕುತ್ತೀರಿ ಅಂದಮೇಲೆ ಒಂದು ಮಾತು. ಈ ವಾರ ಚಿತ್ರದುರ್ಗದ ಕಡೆ ಬಂದರೆ ಜೋಗಿಮಟ್ಟಿ ದಾರಿ ನೋಡಿ. ಬೆಟ್ಟವೆಲ್ಲ ಒಣಗಿ ಬೋಳಾಗಿದೆ, ನಡುವೆ ಮುತ್ತುಗ ಬೆಂಕಿ ಹತ್ತಿಕೊಂಡ ಹಾಗಿದೆ. ಬಂಡೆ ಸಂದಿಯಲ್ಲಿ ಅರಿಶಿಣ ಬೂರುಗ, ಒಂದೂ ಎಲೆ ಇಲ್ಲ, ಬರೀ ಹಳದಿ ಹೂ, ಅಂಗೈ ಅಗಲ. ಯಾರೂ ಒಂದು ಕೊಡ ನೀರು ಹಾಕಿಲ್ಲ. ನಮ್ಮ ಸೀಮೆಯ ವಸಂತ ಅಂದರೆ ಇದೇ, ಹಸಿರು ಮೊದಲು ಬರೋದಿಲ್ಲ, ಬಣ್ಣ ಮೊದಲು. ಇವು ಮರ, ನಿಮ್ಮ ಪಾರ್ಕಿನ ಅಂಚಿಗೆ ಆಗಲಿಕ್ಕಿಲ್ಲ. ಗಿಡವೇ ಬೇಕು ಅಂದರೆ ತಂಗಡಿ ಹಾಕಿ. ಆವರಿಕೆ ಅಂತಲೂ ಅನ್ನುತ್ತಾರೆ. ಹೊಲದ ಬದು, ರಸ್ತೆ ಪಕ್ಕ, ಎಲ್ಲ ಕಡೆ ಇರುವ ಹಳದಿ ಹೂವಿನ ಗಿಡ. ಅದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಎದೆ ಮಟ್ಟ ಬೆಳೆಯುತ್ತದೆ, ಎರೆಯಲ್ಲೂ ಬರುತ್ತದೆ, ಕೆಮ್ಮಣ್ಣಲ್ಲೂ ಬರುತ್ತದೆ, ಆಡು ಕೂಡ ಅಷ್ಟಾಗಿ ಮುಟ್ಟೋದಿಲ್ಲ. ನಮ್ಮೂರಲ್ಲಿ ಅದಕ್ಕೆ ಕಳೆ ಗಿಡದ ಮರ್ಯಾದೆ. ತೆಲಂಗಾಣದವರು ಅದನ್ನೇ ರಾಜ್ಯದ ಹೂ ಮಾಡಿಕೊಂಡಿದ್ದಾರೆ.

ಇನ್ನೊಂದು, ಎಲ್ಲವೂ ಯುಗಾದಿಗೇ ಅರಳಬೇಕು ಅಂತ ಹಟ ಬೇಡ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್, 1908ರಿಂದ 1932ರವರೆಗೆ, ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ್ದು ಸರದಿಯ ಲೆಕ್ಕದಲ್ಲಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರು. ನಿಮ್ಮ ಪಾರ್ಕಿಗೂ ಹಾಗೇ ಯೋಚಿಸಿ. ಈಗ ಕಾಗದದ ಹೂ, ಎಲೆ ಉದುರಿದ ದೇವಕಣಗಿಲೆ. ಏಪ್ರಿಲ್ ಮೇ ಹೊತ್ತಿಗೆ ದುಂಡು ಮಲ್ಲಿಗೆ, ಲ್ಯಾಗರ್‌ಸ್ಟ್ರೋಮಿಯಾ. ಮಳೆಗಾಲಕ್ಕೆ ರತ್ನಗಂಧಿ. ನವರಾತ್ರಿ ಹೊತ್ತಿಗೆ ಪಾರಿಜಾತ, ಅದರ ಹಿಂದೆ ಚಳಿಗೆ ಸ್ಫಟಿಕ. ಹತ್ತು ಗಿಡ ಸಾಕು, ವರ್ಷ ತುಂಬುತ್ತದೆ.

ಮಿಲ್ ಕ್ವಾರ್ಟರ್ಸ್ ಹುಡುಗ (ದಾವಣಗೆರೆ)
ಫೆಬ್ರವರಿ 23, ರಾತ್ರಿ 9:05

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಇವತ್ತು ಮಷೀನಿನವನನ್ನು ಮಾತಾಡಿಸಿದೆ. ಅವನ ಮೇಲೆ ನನಗೆ ಸಿಟ್ಟಿತ್ತು, ಮಾತಾಡಿದ ಮೇಲೆ ಹೋಯಿತು. ಅವನು ಕಾಂಟ್ರಾಕ್ಟ್ ಕೆಲಸದವನು, ದಿನಕ್ಕೆ ಎರಡು ಪಾರ್ಕು ಮುಗಿಸಬೇಕು. ಮೇಲಿನವರು ಫೋಟೊ ಕೇಳುತ್ತಾರಂತೆ. ಫೋಟೊದಲ್ಲಿ ಚೌಕ ಕಾಣಿಸಿದರೆ ಕೆಲಸ ಆಯಿತು, ಕಾಣಿಸದಿದ್ದರೆ ಯಾಕೆ ಬಿಟ್ಟೆ ಅಂತ ಬೈಗುಳ. "ಹೂ ಬಿಡ್ತದೆ ಸಾರ್, ನಂಗೊತ್ತು, ನಮ್ಮಪ್ಪನೂ ಮಾಲಿನೇ" ಅಂದ. ನೀರಿನ ಪೈಪೂ ತೋರಿಸಿದ. ಹಿರಿಯೂರಿನವರು ಅಲ್ಲಿಂದಲೇ ಹೇಳಿದ ಹಾಗೆ, ಕಾಗದದ ಹೂವಿನ ಬುಡದಲ್ಲೇ ಇದೆ.

ಹೂಬುಟ್ಟಿಯವರೇ, ಇಕ್ಸೋರಾ ನೋಡಿದೆ. ನರ ಹಸಿರು, ಉಳಿದದ್ದು ಹಳದಿ. ನೀವು ಹೇಳಿದ್ದೇ.

ಒಂದು ಅನುಮಾನ. ನಮ್ಮ ಗುಂಪಿನಲ್ಲಿ ಒಬ್ಬರು ಕಣಗಿಲೆ ಬೇಡವೇ ಬೇಡ, ವಿಷ, ಮಕ್ಕಳು ಬರುವ ಜಾಗ ಅನ್ನುತ್ತಿದ್ದಾರೆ. ನಾವೆಲ್ಲ ಅದರ ಕೆಳಗೇ ಆಡಿ ಬೆಳೆದವರು. ನಿಜವಾ?

ಹಿರಿಯೂರು ದಾಳಿಂಬೆ
ಫೆಬ್ರವರಿ 24, ಬೆಳಿಗ್ಗೆ 5:50

ನಿಜ ಸಾರ್. ಕೆಂಪು, ಬಿಳಿ ಕಣಗಿಲೆ ಮತ್ತೆ ಆ ಹಳದಿ ಗಂಟೆ ಆಕಾರದ ಹೂವಿನ ಕಾಡು ಕಣಗಿಲೆ (ಮೇಲೆ ಹೇಳಿದ ಗಂಟೆ ಹೂ ಬೇರೆ), ಎರಡೂ ಪೂರ್ತಿ ವಿಷ. ಎಲೆ, ಹಾಲು, ಬೀಜ ಎಲ್ಲ. ಹೃದಯದ ಬಡಿತಕ್ಕೇ ಹೊಡೆತ. ಕಾಡು ಕಣಗಿಲೆಯ ಬೀಜ ಇನ್ನೂ ಅಪಾಯ, ಕಾಯಿ ನೋಡೋಕೆ ಆಟದ ಸಾಮಾನಿನ ಥರ ಇರುತ್ತದೆ. ದನ ಕರು ಕೂಡ ತಿಂದು ಸತ್ತಿದ್ದುಂಟು. ಕತ್ತರಿಸಿದ ಕಡ್ಡಿ ಸುಡಬಾರದು, ಹೊಗೆಯೂ ಒಳ್ಳೆಯದಲ್ಲ. ಹೈವೇ ನಡುವೆ ಹಾಕುತ್ತಾರಲ್ಲ, ಅಲ್ಲಿ ಸರಿ. ನೀರು ಬೇಡ, ಹೊಗೆ ಧೂಳು ತಡೆಯುತ್ತದೆ, ದನ ಸಾಮಾನ್ಯವಾಗಿ ಮುಟ್ಟೋದಿಲ್ಲ. ಜಾರುಬಂಡಿ ಪಕ್ಕ ಬೇಡ.

ಇನ್ನು ಆ ಹಳದಿ ಬೇಲಿ ಗಿಡ ಬಯ್ಯುತ್ತಿದ್ದಿರಲ್ಲ, ಅದು ಡುರಾಂಟಾ. ಅದನ್ನೂ ಒಂದು ಮೂಲೆಯಲ್ಲಿ ನಾಲ್ಕಡಿ ಉದ್ದಕ್ಕೆ ಕತ್ತರಿಸದೆ ಬಿಟ್ಟು ನೋಡಿ. ಏನಾಗುತ್ತದೆ ಅಂತ ನಾನು ಹೇಳೋದಿಲ್ಲ. ಕಾಯಿ ಬಿಟ್ಟರೆ ಮಾತ್ರ ಕಿತ್ತು ಹಾಕಿ, ಅದೂ ಮಕ್ಕಳು ತಿನ್ನಬಾರದ್ದು.

ಮಿಲ್ ಕ್ವಾರ್ಟರ್ಸ್ ಹುಡುಗ (ದಾವಣಗೆರೆ)
ಮೇ 6, ಬೆಳಿಗ್ಗೆ 7:30

ತಡ ಆಯಿತು, ಕ್ಷಮಿಸಿ. ನಡೆದದ್ದು ಬರೆಯುತ್ತೇನೆ.

ದುಡ್ಡು ಸೇರಿಸಿದ್ದರಲ್ಲಿ ಗಿಡ ತರಲಿಲ್ಲ. ಒಂದು ಒಳ್ಳೆ ಕತ್ತರಿ, ಎರಡು ಟ್ರ್ಯಾಕ್ಟರ್ ಗೊಬ್ಬರ, ಅನ್ನಭೇದಿ ಅರ್ಧ ಕೆಜಿ, ಇಷ್ಟೇ ತಂದದ್ದು. ಮಷೀನಿನವನ ಜೊತೆ ಒಪ್ಪಂದ ಆಯಿತು. ರಸ್ತೆಯ ಕಡೆ ಕಾಣುವ ಬೇಲಿ ಅವನದು, ಚೌಕ ಮಾಡಿ ಫೋಟೊ ಕಳಿಸಲಿ. ಒಳಗಡೆಯದು ನಮ್ಮದು, ಮಷೀನ್ ತರುವ ಹಾಗಿಲ್ಲ. ಲ್ಯಾಗರ್‌ಸ್ಟ್ರೋಮಿಯಾಕ್ಕೆ ಅವನೇ ಕತ್ತರಿ ಹಿಡಿದು ಕಟಿಂಗ್ ಮಾಡಿದ, ಅವರಪ್ಪ ಕಲಿಸಿದ್ದಂತೆ, ಕೈ ಚೆನ್ನಾಗಿದೆ.

ಕಾಗದದ ಹೂ ಯುಗಾದಿಗೆ ಸರಿಯಾಗಿ ಬಂತು, ಕಾಂಪೌಂಡ್ ಪೂರ್ತಿ ರಾಣಿ ಬಣ್ಣ. ಇಕ್ಸೋರಾ ಹೊಸ ಎಲೆ ಹಸಿರಾಗಿದೆ, ಹೂ ಇನ್ನೂ ಇಲ್ಲ. ಒಂದು ಬೆಂಚಿನ ಮೇಲೆ ತುಕ್ಕಿನ ಕಲೆ ಬಿದ್ದಿದೆ, ಹೇಳಿದ್ದಿರಿ, ಆದರೂ ಬಿತ್ತು. ರತ್ನಗಂಧಿ ಬೀಜ ಕುಂದವಾಡ ಕೆರೆ ಕಡೆ ಹೋಗಿದ್ದಾಗ ಒಂದು ಮನೆಯವರು ಕೊಟ್ಟರು. ಹನ್ನೊಂದು ಹಾಕಿದ್ದೆ, ಏಳು ಎದ್ದಿವೆ. ಮೇಷ್ಟ್ರೇ, ತಂಗಡಿ ವಿಷಯದಲ್ಲಿ ಗುಂಪಿನಲ್ಲಿ ಜಗಳ ಆಯಿತು, "ಹೊಲದ ಬದುವಿನ ಗಿಡ ಪಾರ್ಕಿಗಾ" ಅಂತ. ಜೂನ್‌ನಲ್ಲಿ ಎರಡು ಹಾಕೋದು ಅಂತ ರಾಜಿ ಆಗಿದೆ.

ಮೊನ್ನೆ ರಾತ್ರಿ ಭರಣಿ ಮಳೆ ಚೆನ್ನಾಗಿ ಹೊಡೆಯಿತು. ನಿನ್ನೆ ಬೆಳಿಗ್ಗೆ ಹೋದರೆ ಸುಕ್ಕು ಹೂವಿನ ಮೊದಲ ಗೊಂಚಲು ಅರಳಿತ್ತು, ಮಳೆ ಭಾರಕ್ಕೆ ಬಗ್ಗಿ ನನ್ನ ಮೊಣಕಾಲಿಗೆ ತಾಗುವಷ್ಟು ಕೆಳಗೆ. ಅದನ್ನು ನೋಡಿ ನಾನು ಏನು ಮಾಡಿದೆ ಅಂತ ಇಲ್ಲಿ ಬರೆಯೋದಿಲ್ಲ, ವಯಸ್ಸಿಗೆ ತಕ್ಕದ್ದಲ್ಲ.

ಆದರೆ ಜನ ಗುಂಪಾಗಿ ನಿಂತಿದ್ದದ್ದು ಅದರ ಮುಂದಲ್ಲ. ಹಿಂದಿನ ಮೂಲೆಯಲ್ಲಿ ಕತ್ತರಿಸದೆ ಬಿಟ್ಟಿದ್ದೆವಲ್ಲ ಆ ಡುರಾಂಟಾ, ಅದು ತಿಳಿ ನೇರಳೆ ಹೂವಿನ ಜೊಂಪೆ ಜೋತುಬಿಟ್ಟುಕೊಂಡಿದೆ, ಚಿಟ್ಟೆ ಬೇರೆ. ಒಬ್ಬರು ನನ್ನನ್ನು ಕರೆದು ಕೇಳಿದರು, "ಈ ಹೊಸ ಗಿಡ ಯಾವ ನರ್ಸರಿಯಿಂದ ತಂದ್ರಿ ಸಾರ್, ನಮ್ಮನೆಗೂ ಒಂದು ಬೇಕಿತ್ತು." ಮಷೀನಿನವನು ಪಕ್ಕದಲ್ಲೇ ಇದ್ದ. ನಾನು ಬಾಯಿ ತೆರೆಯೋ ಮುಂಚೆ ಅವನೇ ಹೇಳಿದ, "ಇನ್ನೂರು ರೂಪಾಯಿ ಆಗುತ್ತೆ ಸಾರ್."